ಕಡತ ಬೆಳೆದ ಕಥೆ

‘ಕಡತ’ ಎಂಬ ಮಾತು ನಿಮಗೆಲ್ಲ ಪರಿಚಿತವಾದುದೇ. ಸರಕಾರಿ ಕಚೇರಿಗೆ ಒಂದು ಅರ್ಜಿ ಕೊಟ್ಟವರು ಈ ಮಾತನ್ನು ಕೇಳದೆ ಹಿಂದಿರುಗುವುದು ಅಪರೂಪ. ಕಡತ ಸಾಹೇಬರ ಮೇಜಿನ ಮೇಲಿದೆ, ಕಡತ ಬೇರೆ ಶಾಖೆಗೆ ಹೋಗಿದೆ, ಕಡತ ಹುಡುಕುತ್ತಿದ್ದೇವೆ ಎಂದು ಮುಂತಾಗಿ ಉತ್ತರಗಳು ಬರುತ್ತವೆ. ಈಚೆಗೆ ‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ’ ಎಂಬ ಉತ್ತರವೂ ಇವುಗಳ ಜೊತೆಗೆ ಸೇರಿಕೊಂಡಿದೆ. ಮೇಲುನೋಟಕ್ಕೆ ಹಳೆಯ ಉತ್ತರಕ್ಕೂ ಹೊಸ ಉತ್ತರಕ್ಕೂ ನಂಟು ಕಾಣದು. ಚರಿತ್ರೆಯ ಕಣ್ಣಿನಿಂದ ನೋಡಿದರೆ ಎರಡೂ ಒಂದೇ ತೊಡಕಿನ ಎರಡು ರೂಪಗಳು.

ಆ ತೊಡಕು ಇದು: ದಾಖಲೆಗಳು ದಿನೇ ದಿನೇ ಬೆಳೆಯುತ್ತವೆ. ಒಂದು ಪೆಟ್ಟಿಗೆಯಲ್ಲಿದ್ದದ್ದು ಒಂದು ಕೋಣೆಯಾಗುತ್ತದೆ, ಕೋಣೆ ಕಟ್ಟಡವಾಗುತ್ತದೆ, ಕಟ್ಟಡ ಹಲವು ಕಟ್ಟಡಗಳಾಗುತ್ತದೆ. ಹೀಗೆ ಹಲವು ಮನೆಗಳಲ್ಲಿ ಹಂಚಿಹೋದ ದಾಖಲೆಗಳ ನಡುವೆ ಬೇಕಾದ ಒಂದನ್ನು ಹುಡುಕಿ ತೆಗೆಯುವುದು ಹೇಗೆ? ಎರಡು ಮನೆಗಳಲ್ಲಿ ಎರಡು ಬಗೆಯಾಗಿ ಬರೆದಿದ್ದರೆ ಯಾವುದು ನಿಜ? ಬೆಂಕಿಯೋ ಗೆದ್ದಲೋ ಬಂದರೆ ಉಳಿಯುವುದು ಯಾವುದು? ನಮ್ಮ ರೈತರು ಹಗೇವು ತುಂಬಿದರೆ ಇನ್ನೊಂದು ಹಗೇವನ್ನು ತೋಡುತ್ತಿದ್ದರು. ರಾಗಿಗೆ ಅಷ್ಟು ಸಾಕು. ಯಾವ ಹಗೇವಿನ ರಾಗಿಯಾದರೂ ಬೀಸಿದರೆ ಹಿಟ್ಟೇ. ದಾಖಲೆಯ ಸ್ವಭಾವ ಹಾಗಲ್ಲ. ಕೋಟಿ ಹಾಳೆಗಳ ನಡುವೆ ನಮ್ಮ ಹೊಲದ ಆ ಒಂದು ಹಾಳೆಯೇ ಸಿಕ್ಕಬೇಕು. ಅದು ಸಿಕ್ಕದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ. ನಮ್ಮ ನಾಡಿನಲ್ಲಿ ಈ ತೊಡಕನ್ನು ಕಾಲಕಾಲಕ್ಕೆ ಹೇಗೆ ಬಿಡಿಸಿಕೊಂಡರು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಮೊದಲು ಕಡತ ಎಂಬ ವಸ್ತುವನ್ನೇ ನೋಡೋಣ. ಇಂದು ಕಡತವೆಂದರೆ ರಟ್ಟಿನ ನಡುವೆ ದಾರ ಪೋಣಿಸಿದ ಕಾಗದದ ಕಟ್ಟು. ಹಿಂದೆ ಅದು ಬಟ್ಟೆಯ ಪುಸ್ತಕ. ಮೈಸೂರಿನ ಚರಿತ್ರೆಯನ್ನು ಬರೆದು ಅದರ ಮೊದಲ ಸಂಪುಟವನ್ನು ೧೮೧೦ರಲ್ಲಿ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಸುಮಾರು ೮ ಅಂಗುಲದಿಂದ ೧ ಅಡಿಯವರೆಗಿನ ಅಗಲ, ೧೨ರಿಂದ ೧೮ ಅಡಿಗಳ ಉದ್ದ ಇರುವ ಹತ್ತಿಯ ಬಟ್ಟೆಯ ಪಟ್ಟಿ; ಅದರ ಎರಡು ಮಗ್ಗುಲಿಗೂ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಪಟ್ಟಿಯನ್ನು ಕತ್ತರಿಸದೆ ಸಮನಾಗಿ ಹಿಂದಕ್ಕೂ ಮುಂದಕ್ಕೂ ಮಡಿಸುತ್ತಿದ್ದರು. ಎರಡು ಕೊನೆಗಳಿಗೆ ಮರದ ಹಲಗೆ. ಕರಿಯ ಮೈಯ ಮೇಲೆ ಬಳಪದಿಂದ ಬರೆದರೆ ಬಿಳಿಯ ಅಕ್ಷರ ಮೂಡುವುದು. ವರ್ತಕರ ಲೆಕ್ಕ, ಮಠಮಾನ್ಯಗಳ ಜಮಾಖರ್ಚು, ಅರಮನೆಯ ವಹಿವಾಟು ಎಲ್ಲವೂ ಇದರಲ್ಲಿ ನಡೆಯುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಇಂದಿಗೂ ಬೆಲೆಬಾಳುವ ಆಕರಗಳಾಗಿವೆ.

ಈ ಕಡತಕ್ಕೆ ಒಂದು ವಿಶೇಷ ಗುಣವುಂಟು. ಬರೆದದ್ದನ್ನು ಒದ್ದೆಬಟ್ಟೆಯಿಂದ ಒರೆಸಿ, ಮತ್ತೆ ಲೇಪ ಕೊಟ್ಟು, ಹೊಸದಾಗಿ ಬರೆಯಬಹುದು. ದಿನದಿನವೂ ಬದಲಾಗುವ ಲೆಕ್ಕಕ್ಕೆ ಇದು ಅನುಕೂಲ. ಆದರೆ ಒರೆಸಲು ಬರುವುದನ್ನು ಅನ್ಯಾಯವಾಗಿಯೂ ಒರೆಸಬಹುದಲ್ಲವೆ? ಆದ್ದರಿಂದ ನಮ್ಮ ಪೂರ್ವಿಕರು ಎಂದಿಗೂ ಬದಲಾಗಬಾರದ ದಾನದತ್ತಿಗಳನ್ನು ಕಡತಕ್ಕೆ ಒಪ್ಪಿಸಿ ಸುಮ್ಮನಾಗಲಿಲ್ಲ. ಕಲ್ಲಿನಲ್ಲಿ ಕೆತ್ತಿಸಿದರು, ತಾಮ್ರದ ಹಲಗೆಗಳಲ್ಲಿ ಕೊರೆಯಿಸಿದರು. ತಾಮ್ರದ ಹಲಗೆಗಳಿಗೆ ತೂತು ಮಾಡಿ, ಬಳೆಯನ್ನು ತೊಡಿಸಿ, ಬಳೆಯ ಬೆಸುಗೆಯ ಮೇಲೆ ರಾಜಮುದ್ರೆಯನ್ನು ಒತ್ತುತ್ತಿದ್ದರು. ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ. ಬಳೆಯನ್ನು ಮುರಿಯದೆ ನಡುವೆ ಒಂದು ಹಲಗೆಯನ್ನು ಸೇರಿಸುವುದಾಗಲಿ ತೆಗೆಯುವುದಾಗಲಿ ಸಾಧ್ಯವಿಲ್ಲ. ಇಷ್ಟೆಲ್ಲ ಇದ್ದರೂ ಸುಳ್ಳು ಶಾಸನಗಳು ಹುಟ್ಟಿಕೊಂಡುವು. ಅವಕ್ಕೆ ‘ಕೂಟಶಾಸನ’ ಎಂದು ಹೆಸರು. ಕಳ್ಳಮುದ್ರೆಯ ಭಯ ನಮ್ಮ ಕಾಲದ್ದು ಮಾತ್ರವಲ್ಲ.

ಇನ್ನು ಈ ಬರಹಗಳನ್ನು ಕಾಯುವವರ ವಿಚಾರ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಹೆಸರು ಬರುತ್ತದೆ. ಕಡಿತವೆಂದರೆ ಕಡತವೇ. ಪೆರ್ಗಡೆ ಎಂಬುದು ಸಮಾಸದಲ್ಲಿ ಪಕಾರಕ್ಕೆ ವಕಾರ ಬಂದು ವೆರ್ಗಡೆಯಾಗಿದೆ. ಹೊಸಗನ್ನಡದಲ್ಲಿ ಅದೇ ಹೆಗ್ಗಡೆ. ಎಂದಮೇಲೆ ಕಡಿತವೆರ್ಗಡೆ ಎಂದರೆ ಕಡತಗಳ ಹೆಗ್ಗಡೆ, ದಾಖಲೆಗಳಿಗೆ ಹೊಣೆಗಾರನಾದ ಅಧಿಕಾರಿ. ಊರಿನ ಮಟ್ಟದಲ್ಲಿ ಲೆಕ್ಕ ಬರೆಯುವವನು ಸೇನಬೋವ. ಈ ಮಾತೇ ಸವೆದು ಶಾನುಭೋಗ ಎಂದಾಯಿತು. ರಾಜ್ಯಗಳು ಬಂದುವು, ಹೋದುವು. ಶಾನುಭೋಗನ ಲೆಕ್ಕದ ಪುಸ್ತಕ ಮಾತ್ರ ಮನೆಯ ಅಟ್ಟದ ಮೇಲೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತು. ವಂಶಪಾರಂಪರ್ಯದ ಈ ಹುದ್ದೆಯನ್ನು ೧೯೬೧ರ ಕಾನೂನು ತೆಗೆದುಹಾಕಿತು. ೧೯೬೩ರ ಫೆಬ್ರವರಿಯಿಂದ ಅದು ಜಾರಿಗೆ ಬಂದು, ಸಂಬಳದ ಗ್ರಾಮಲೆಕ್ಕಿಗರು ಆ ಸ್ಥಾನಕ್ಕೆ ಬಂದರು.

ದಾಖಲೆಗಳಿಗೆ ಪ್ರತ್ಯೇಕವಾದ ಮನೆ ಬೇಕೆಂಬ ಯೋಚನೆಯೂ ಪ್ರಾಚೀನವಾದುದೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಪಟಲ’ವೆಂಬ ಕಚೇರಿಯ ವಿಷಯಕ್ಕೆ ಒಂದು ಅಧ್ಯಾಯವೇ ಇದೆ. ಆ ಕಚೇರಿಯ ಬಾಗಿಲು ಯಾವ ದಿಕ್ಕಿಗಿರಬೇಕು, ಬರೆಯುವವರಿಗೆ ಬೇರೆ ಬೇರೆ ಆಸನಗಳು ಹೇಗಿರಬೇಕು, ಪುಸ್ತಕಗಳನ್ನು ಇಡುವ ಜಾಗ ಯಾವುದು ಎಂಬುದನ್ನೆಲ್ಲ ಅಲ್ಲಿ ಹೇಳಿದೆ. ಸ್ವಾರಸ್ಯವನ್ನು ನೋಡಿ: ದಾಖಲೆಗಳ ಮನೆಯನ್ನು ಕುರಿತ ಈ ಗ್ರಂಥವೇ ಬಹುಕಾಲ ಕಣ್ಮರೆಯಾಗಿತ್ತು. ಒಂದು ತಾಳೆಗರಿಯ ಪ್ರತಿ ಮೈಸೂರಿನ ಭಂಡಾರಕ್ಕೆ ಬಂದು, ಅದನ್ನು ಬಲ್ಲವರು ಬಿಚ್ಚಿ ನೋಡಿದ್ದರಿಂದ ಲೋಕಕ್ಕೆ ಮತ್ತೆ ದೊರೆಯಿತು. ಸಂಗ್ರಹಿಸಿ ಇಟ್ಟರಷ್ಟೇ ಸಾಲದು, ಏನಿದೆಯೆಂದು ತಿಳಿದವರೂ ಇರಬೇಕು.

ನಮ್ಮ ಮೈಸೂರು ಸೀಮೆಯಲ್ಲಿ ಆಡಳಿತದ ಬರಹಗಳು ಬೆಳೆದು ಒಂದೇ ಕಡೆ ಹಿಡಿಯಲಾಗದಂತಾದಾಗ, ೧೭೦೦ರ ಸುಮಾರಿಗೆ ಚಿಕ್ಕದೇವರಾಜ ಒಡೆಯರು ಕೆಲಸಗಳನ್ನು ೧೮ ಇಲಾಖೆಗಳಾಗಿ ವಿಂಗಡಿಸಿದರು. ಅದೇ ಅಠಾರಾ ಕಚೇರಿ. ಹಿಂದೂಸ್ತಾನಿಯಲ್ಲಿ ಅಠಾರಾ ಎಂದರೆ ಹದಿನೆಂಟು. ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ೧೮೬೮ರಲ್ಲಿ ಪೂರ್ಣಗೊಂಡು ಸರಕಾರದ ಇಲಾಖೆಗಳಿಗೆ ಮನೆಯಾದಾಗ ಆ ಹಳೆಯ ಹೆಸರೇ ಅದಕ್ಕೆ ನಿಂತಿತು. ಈಗ ಅಲ್ಲಿ ಉಚ್ಚ ನ್ಯಾಯಾಲಯವಿದೆ. ಆ ಕಟ್ಟಡವೂ ಸಾಲದಾಗಿ ವಿಧಾನಸೌಧ ಬಂದಿತು. ಅದು ಮುಗಿದದ್ದು ೧೯೫೬ರಲ್ಲಿ. ಅದರ ಎದುರಿಗೆ ಬಹುಮಹಡಿ ಕಟ್ಟಡವೂ ಬಂದಿತು. ಕಡತ ಬೆಳೆದಂತೆ ಕಟ್ಟಡ ಬೆಳೆಯಿತು ಎಂದರೆ ತಪ್ಪಾಗದು. ಆದರೆ ಇಲಾಖೆಗಳಾಗಿ ಹಂಚಿದ ಕೂಡಲೇ ಹೊಸದೊಂದು ತೊಂದರೆ ಹುಟ್ಟುತ್ತದೆ. ಒಂದೇ ಹೊಲದ ವಿಷಯ ಕಂದಾಯದವರಲ್ಲಿ ಒಂದಿಷ್ಟು, ಅಳತೆಯವರಲ್ಲಿ ಒಂದಿಷ್ಟು, ನೋಂದಣಿಯವರಲ್ಲಿ ಒಂದಿಷ್ಟು ಸೇರಿರುತ್ತದೆ. ಮೂವರೂ ತಮ್ಮ ತಮ್ಮ ಪುಸ್ತಕವನ್ನು ಸರಿಯಾಗಿಯೇ ಇಟ್ಟಿರಬಹುದು. ಮೂರು ಪುಸ್ತಕಗಳೂ ಒಂದನ್ನೇ ಹೇಳುತ್ತವೆಯೇ ಎಂದು ನೋಡುವವರು ಯಾರು?

ಇಲ್ಲಿ ನಮ್ಮ ಶಾಸನಶಾಸ್ತ್ರದಿಂದ ಒಂದು ಉದಾಹರಣೆಯನ್ನು ಕೊಡುವುದು ಉಚಿತ. ಬಿ. ಎಲ್. ರೈಸ್ ಅವರು ೧೮೮೬ರಿಂದ ೧೯೦೫ರವರೆಗೆ ‘ಎಪಿಗ್ರಾಫಿಯ ಕರ್ನಾಟಿಕ’ದ ೧೨ ಸಂಪುಟಗಳಲ್ಲಿ ಸುಮಾರು ೯೦೦೦ ಶಾಸನಗಳನ್ನು ಹೊರತಂದರು. ಇಷ್ಟು ಶಾಸನಗಳನ್ನು ಹೆಸರಿಸುವುದು ಹೇಗೆ? ಅವರು ಅನುಸರಿಸಿದ ಕ್ರಮ ಸರಳವಾದುದು: ಜಿಲ್ಲೆಗೆ ಸಂಪುಟ, ಅದರೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಒಂದು ಸಂಖ್ಯೆ. ‘ಶಿಕಾರಿಪುರ ೧೭೬’ ಎಂದರೆ ಬಲ್ಲವರು ಕೂಡಲೇ ಹೇಳುತ್ತಾರೆ, ಅದು ಕದಂಬರ ತಾಳಗುಂದದ ಸ್ತಂಭಶಾಸನವೆಂದು. ಇಂದು ಗಣಕಯಂತ್ರದೊಳಗೆ ಒಂದು ಫೈಲಿನ ವಿಳಾಸವನ್ನು ಹೇಳುವುದೂ ಹೀಗೆಯೇ. ಹೊರಗಿನ ಚೀಲ, ಅದರೊಳಗಿನ ಚೀಲ, ಅದರೊಳಗಿನ ಹಾಳೆ.

ಆದರೆ ಸಂಗ್ರಹ ಬೆಳೆದಾಗ ಏನಾಯಿತು? ಶ್ರವಣಬೆಳಗೊಳದ ಸಂಪುಟವನ್ನೇ ತೆಗೆದುಕೊಳ್ಳಿ. ೧೮೮೯ರಲ್ಲಿ ರೈಸ್ ಅವರು ಪ್ರಕಟಿಸಿದಾಗ ಅದರಲ್ಲಿದ್ದ ಶಾಸನಗಳು ೧೪೪. ಆರ್. ನರಸಿಂಹಾಚಾರ್ಯರು ಬೆಟ್ಟಗಳನ್ನೂ ಬಸದಿಗಳನ್ನೂ ಮತ್ತೆ ಶೋಧಿಸಿ ೧೯೨೩ರಲ್ಲಿ ಪರಿಷ್ಕರಿಸಿದಾಗ ಅವು ೫೦೦. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೩ರಲ್ಲಿ ಹೊರತಂದ ಆವೃತ್ತಿಯಲ್ಲಿ ೫೭೩. ಸಂಗ್ರಹ ಬೆಳೆದದ್ದು ಸಂತೋಷದ ವಿಷಯವೇ. ಆದರೆ ಪ್ರತಿ ಸಲವೂ ಶಾಸನಗಳ ಸಂಖ್ಯೆಗಳು ಬದಲಾದುವು. ಹಳೆಯ ಸಂಖ್ಯೆಯನ್ನು ನಂಬಿ ಬರೆದ ಎಷ್ಟೋ ಪುಸ್ತಕಗಳು, ಪ್ರಬಂಧಗಳು ಅಷ್ಟರಲ್ಲಿ ಪ್ರಕಟವಾಗಿ ಹೋಗಿದ್ದುವು. ಆದ್ದರಿಂದ ಹಳೆಯ ಸಂಖ್ಯೆ ಇಷ್ಟು, ಹೊಸ ಸಂಖ್ಯೆ ಇಷ್ಟು ಎಂದು ಹೊಂದಿಸಿ ತೋರಿಸುವ ಪಟ್ಟಿಗಳು ಬೇಕಾದುವು. ಆ ಪಟ್ಟಿಯನ್ನು ತಯಾರಿಸಿದವರ ಹೆಸರನ್ನು ಯಾರೂ ಸ್ಮರಿಸುವುದಿಲ್ಲ. ಆದರೆ ಆ ಪಟ್ಟಿ ಇಲ್ಲದಿದ್ದರೆ ಹಳೆಯ ವಿದ್ವತ್ತಿಗೂ ಹೊಸ ವಿದ್ವತ್ತಿಗೂ ನಡುವೆ ಸೇತುವೆಯೇ ಇರುತ್ತಿರಲಿಲ್ಲ.

ಇದರಿಂದ ನಾವು ಕಲಿಯತಕ್ಕ ಪಾಠ ಒಂದುಂಟು. ವಸ್ತುವಿನ ಹೆಸರನ್ನು ಅದು ಇರುವ ಜಾಗಕ್ಕೆ ಕಟ್ಟಿಹಾಕಿದರೆ, ಜಾಗ ಬದಲಾದಾಗ ಹೆಸರೂ ಕೆಡುತ್ತದೆ. ಬೆಳೆಯುವ ಸಂಗ್ರಹದಲ್ಲಿ ಜಾಗ ಬದಲಾಗದೆ ಇರುವುದಿಲ್ಲ. ಆದ್ದರಿಂದ ಹೆಸರು ಬೇರೆ, ಜಾಗ ಬೇರೆ ಆಗಿರಬೇಕು. ಇವೆರಡನ್ನೂ ಕೂಡಿಸುವ ಒಂದು ಪಟ್ಟಿ ಸದಾ ಸರಿಯಾಗಿರಬೇಕು. ಈ ಪಾಠವನ್ನು ಯಂತ್ರಲೋಕವೂ ಕಲಿಯಬೇಕಾಯಿತು.

ಯಂತ್ರಗಳ ಚರಿತ್ರೆ ಹೀಗಿದೆ. ವಿಧಾನಸೌಧ ಮುಗಿದು, ಕನ್ನಡ ಸೀಮೆಗಳು ಒಂದಾದ ೧೯೫೬ನೆಯ ವರ್ಷದಲ್ಲೇ ಅಮೆರಿಕದ ಐಬಿಎಂ ಸಂಸ್ಥೆ ರಾಮ್ಯಾಕ್ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿತು. ಎರಡು ಅಡಿ ಅಗಲದ ೫೦ ತಟ್ಟೆಗಳು ಒಂದರ ಮೇಲೊಂದು ತಿರುಗುತ್ತ, ತಮ್ಮ ಮೈಯ ಕಾಂತಲೇಪದಲ್ಲಿ ೫೦ ಲಕ್ಷ ಅಕ್ಷರಗಳನ್ನು ಹಿಡಿದಿಟ್ಟುಕೊಳ್ಳುತ್ತಿದ್ದುವು. ಲೇಪ ಹಚ್ಚಿದ ಮೈ, ಬರೆದು ಒರೆಸಿ ಮತ್ತೆ ಬರೆಯುವ ಸೌಕರ್ಯ: ನಮ್ಮ ಕಡತದ ನೆನಪು ಬರುವುದಿಲ್ಲವೆ? ಅಷ್ಟು ಅಕ್ಷರಗಳಿಗೆ ಆಗ ಬೀರುವಿಗಿಂತ ದೊಡ್ಡ ಯಂತ್ರ ಬೇಕಾಗಿತ್ತು. ಇಂದು ನಿಮ್ಮ ಜೇಬಿನ ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕೂ ಅಷ್ಟು ಜಾಗ ಸಾಲದೆ ಹೋಗಬಹುದು.

ಯಂತ್ರಗಳು ಹಲವಾದ ಮೇಲೆ, ಎಲ್ಲರಿಗೂ ಬೇಕಾದ ಫೈಲುಗಳನ್ನು ಒಂದು ಯಂತ್ರದಲ್ಲಿಟ್ಟು ಕೇಳಿದವರಿಗೆ ತಂತಿಯ ಮೂಲಕ ಕೊಡುವ ಏರ್ಪಾಡಾಯಿತು. ಕೊಡುವ ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಕಚೇರಿಯ ದಾಖಲೆ ಕೋಣೆಯ ಗುಮಾಸ್ತನ ಕೆಲಸ ಅದರದು. ಒಂದು ಸರ್ವರ್ ತುಂಬಿದರೆ ಎರಡನೆಯದು, ಅದೂ ತುಂಬಿದರೆ ಮೂರನೆಯದು. ಯಾವ ಫೈಲು ಯಾವ ಸರ್ವರಿನಲ್ಲಿದೆ ಎಂದು ಕೆಲಸ ಮಾಡುವವರೇ ನೆನಪಿಟ್ಟುಕೊಳ್ಳಬೇಕಾದ ಪರಿಸ್ಥಿತಿ ಬಂದಿತು. ೧೯೮೪ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಸಂಸ್ಥೆ ದೂರದ ಯಂತ್ರದ ಫೈಲುಗಳು ತನ್ನ ಯಂತ್ರದಲ್ಲೇ ಇರುವಂತೆ ತೋರುವ ಒಂದು ವ್ಯವಸ್ಥೆಯನ್ನು ಹೊರತಂದಿತು. ಮುಂದೆ ಬಂದ ಏರ್ಪಾಡುಗಳಲ್ಲಿ ಹತ್ತು ಸರ್ವರುಗಳಿದ್ದರೂ ನೋಡುವವರಿಗೆ ಒಂದೇ ಮರದ ಕೊಂಬೆಗಳಂತೆ ಕಾಣಿಸುತ್ತವೆ. ಫೈಲನ್ನು ತುಂಬಿದ ಯಂತ್ರದಿಂದ ತೆರವಾದ ಯಂತ್ರಕ್ಕೆ ಸಾಗಿಸಿದರೂ ಅದರ ಹೆಸರು ಬದಲಾಗದು. ಒಳಗಿನ ಪಟ್ಟಿಯೊಂದೇ ಬದಲಾಗುತ್ತದೆ. ಶ್ರವಣಬೆಳಗೊಳದ ಪಟ್ಟಿಯ ಕೆಲಸವನ್ನು ಯಂತ್ರವೇ ಕ್ಷಣಕ್ಷಣಕ್ಕೂ ಮಾಡಿದಂತಾಯಿತು.

ಯಂತ್ರಗಳೂ ಕೆಡುತ್ತವೆ. ೧೯೮೮ರಲ್ಲಿ ಬರ್ಕಲಿಯ ಮೂವರು ವಿದ್ವಾಂಸರು, ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್, ಹಲವು ಸಣ್ಣ ಡಿಸ್ಕುಗಳನ್ನು ಒಟ್ಟುಗೂಡಿಸಿ ಒಂದು ಕೆಟ್ಟರೂ ಉಳಿದವುಗಳಿಂದ ಮಾಹಿತಿಯನ್ನು ಮತ್ತೆ ಪಡೆಯುವ ವಿಧಾನವನ್ನು ವಿವರಿಸಿದರು. ಇದು ದೊಡ್ಡ ಉಪಕಾರ. ಆದರೂ ಇದರ ಮಿತಿಯನ್ನು ತಿಳಿದಿರಬೇಕು. ಡಿಸ್ಕು ಕೆಟ್ಟರೆ ಇದು ಕಾಪಾಡುತ್ತದೆ. ಬರೆದ ಮಾತೇ ತಪ್ಪಾಗಿದ್ದರೆ ಕಾಪಾಡದು. ನೀವು ಒಂದು ಹೆಸರನ್ನು ತಪ್ಪಾಗಿ ಬರೆದ ಕ್ಷಣವೇ ಜೊತೆಯ ಡಿಸ್ಕಿನಲ್ಲಿಯೂ ಆ ತಪ್ಪು ಮೂಡುತ್ತದೆ. ಮನೆಗೇ ಬೆಂಕಿ ಬಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ನಿನ್ನೆಯ ಪ್ರತಿ, ಮೊನ್ನೆಯ ಪ್ರತಿ ಎಂದು ದಿನಾಂಕ ಹಾಕಿ, ಬೇರೊಂದು ಊರಿನಲ್ಲಿ ಇಡುವುದು ಅವಶ್ಯಕ. ದಾನ ಪಡೆದವನ ಮನೆಯಲ್ಲಿ ತಾಮ್ರಪಟ, ದೇಗುಲದ ಮುಂದೆ ಶಿಲಾಶಾಸನ ಎಂದು ಕೆಲವು ದತ್ತಿಗಳನ್ನು ಎರಡು ಕಡೆ ಬರೆಯಿಸಿದವರಿಗೆ ಈ ತತ್ತ್ವ ತಿಳಿದೇ ಇತ್ತು.

ಈಗ ನಮ್ಮ ರಾಜ್ಯದ ಒಂದು ದೊಡ್ಡ ಪ್ರಯೋಗದ ಕಡೆಗೆ ಬರೋಣ. ಅದೇ ‘ಭೂಮಿ’ ಯೋಜನೆ. ಜಮೀನಿನ ಹಕ್ಕು, ಗೇಣಿ, ಬೆಳೆ ಇವುಗಳ ವಿವರವುಳ್ಳ ಪತ್ರಕ್ಕೆ ಪಹಣಿ ಎನ್ನುತ್ತೇವೆ. ಇದಕ್ಕೆ ಬುಡವಾದದ್ದು ಸರ್ವೆ ನಂಬರು. ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಭೂಮಾಪನ ೧೮೬೩ರಲ್ಲಿ ಆರಂಭವಾಯಿತು. ಒಡೆಯ ಬದಲಾಗಲಿ, ಬೆಳೆ ಬದಲಾಗಲಿ, ಹೊಲದ ಸಂಖ್ಯೆ ಬದಲಾಗುವುದಿಲ್ಲ. ಹೊಲ ಒಡೆದು ಪಾಲಾದರೆ ಅದೇ ಸಂಖ್ಯೆಯ ಕೆಳಗೆ ಒಂದು, ಎರಡು ಎಂದು ಹಿಸ್ಸೆಗಳು ಬರುತ್ತವೆ. ಹೆಸರು ಸ್ಥಿರವಾಗಿರಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಇಷ್ಟು ಒಳ್ಳೆಯ ಅಡಿಪಾಯವಿದ್ದರೂ ಪಹಣಿಯ ಪುಸ್ತಕಗಳು ಇದ್ದದ್ದು ರಾಜ್ಯದ ಸುಮಾರು ೯೦೦೦ ಗ್ರಾಮಲೆಕ್ಕಿಗರ ಕೈಯಲ್ಲಿ. ಒಬ್ಬೊಬ್ಬರಿಗೂ ಮೂರು ನಾಲ್ಕು ಹಳ್ಳಿಗಳು. ಲೆಕ್ಕಿಗರು ಊರಿನಲ್ಲಿ ಇಲ್ಲದಿದ್ದರೆ ಪಹಣಿ ಇಲ್ಲ. ಪಹಣಿ ಇಲ್ಲದಿದ್ದರೆ ಬ್ಯಾಂಕಿನ ಸಾಲವಿಲ್ಲ. ಸಾಲವಿಲ್ಲದಿದ್ದರೆ ಬಿತ್ತನೆಗೆ ಬೀಜವಿಲ್ಲ. ಒಂದು ಹಾಳೆಗಾಗಿ ರೈತ ಎಷ್ಟು ಸಲ ಅಲೆಯಬೇಕಾಗಿತ್ತು, ಏನೇನು ತೆರಬೇಕಾಗಿತ್ತು ಎಂಬುದು ಹಳ್ಳಿಯ ನಂಟಿರುವ ನಿಮಗೆ ಹೇಳಬೇಕಾದುದಿಲ್ಲ. ಇದನ್ನು ಸರಿಪಡಿಸಲು ಹೊಸ ಶತಮಾನದ ಆರಂಭದಲ್ಲಿ ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿ ದಾಖಲೆಗಳನ್ನು ಗಣಕಯಂತ್ರಗಳಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ಇದರ ಜೊತೆಗೆ ಇನ್ನೊಂದು ದಿಟ್ಟ ತೀರ್ಮಾನವೂ ಆಯಿತು. ಯಂತ್ರದ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಿದರು. ಎರಡು ಪುಸ್ತಕಗಳನ್ನೂ ಚಾಲ್ತಿಯಲ್ಲಿ ಬಿಟ್ಟಿದ್ದರೆ ಯಾರಿಗೆ ಯಾವುದು ಲಾಭವೋ ಅದನ್ನು ತೋರಿಸುತ್ತಿದ್ದರು. ಪ್ರತಿಗಳು ಎಷ್ಟಾದರೂ ಇರಲಿ, ಪ್ರಮಾಣವಾದ ಪುಸ್ತಕ ಒಂದೇ ಇರಬೇಕು. ಬರೆಯುವ ಅಧಿಕಾರಿ ಬೆರಳಿನ ಗುರುತು ಕೊಟ್ಟೇ ಯಂತ್ರವನ್ನು ತೆರೆಯಬೇಕೆಂಬ ನಿಯಮವೂ ಬಂದಿತು. ಒರೆಸಲು ಬರುವ ಕಡತವನ್ನು ಒರೆಸಿದವರು ಯಾರೆಂದು ತಿಳಿಯುವಂತಾಯಿತು. ತಾಮ್ರಪಟದ ಬಳೆಯ ಕೆಲಸವನ್ನು ಈಗ ಪಹಣಿಯ ಡಿಜಿಟಲ್ ಸಹಿ ಮಾಡುತ್ತಿದೆ.

ಮೊದಮೊದಲು ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇತ್ತು. ಆಗಿನ ೧೭೭ ತಾಲ್ಲೂಕುಗಳೆಂದರೆ ೧೭೭ ಕಣಜಗಳು. ಒಂದು ಕಡೆ ಕರೆಂಟು ಹೋಗುವುದು, ಒಂದು ಕಡೆ ಯಂತ್ರ ಕೆಡುವುದು, ಒಂದು ಕಡೆ ಜಾಗ ಸಾಲದಾಗುವುದು. ಪ್ರತಿಯೊಂದನ್ನೂ ಬೇರೆಯಾಗಿ ಕಾಯಬೇಕು, ಬೇರೆಯಾಗಿ ಪ್ರತಿ ತೆಗೆಯಬೇಕು. ಜಾಲ ಗಟ್ಟಿಯಾದ ಮೇಲೆ ಈ ದಾಖಲೆಗಳನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತಂದರು. ಇದರಿಂದ ಕಾಯುವುದು ಸುಲಭವಾಯಿತು, ಯಾವ ಊರಿನಿಂದಲಾದರೂ ಪಹಣಿ ನೋಡುವಂತಾಯಿತು. ಅದರ ಬೆಲೆಯನ್ನೂ ತೆರಬೇಕಾಗಿದೆ. ಹಿಂದೆ ಒಂದು ಸರ್ವರ್ ಕೆಟ್ಟರೆ ಒಂದು ತಾಲ್ಲೂಕಿನ ಕೆಲಸ ನಿಲ್ಲುತ್ತಿತ್ತು. ಈಗ ಕೇಂದ್ರ ತಡವರಿಸಿದರೆ ಬೀದರಿನಿಂದ ಚಾಮರಾಜನಗರದವರೆಗೆ ಸಾಲಿನಲ್ಲಿ ನಿಂತವರೆಲ್ಲ ನಿಂತೇ ಇರುತ್ತಾರೆ. ಹಂಚಿಡುವುದೋ ಒಟ್ಟುಗೂಡಿಸುವುದೋ ಎಂಬ ಪ್ರಶ್ನೆಗೆ ಯಾವ ಕಾಲದಲ್ಲೂ ಪೂರ್ತಿಯಾದ ಉತ್ತರ ಸಿಕ್ಕಿಲ್ಲ. ಎರಡರ ಲಾಭನಷ್ಟಗಳನ್ನು ತೂಗಿ ನೋಡುವುದಷ್ಟೇ ಆಡಳಿತಗಾರರ ಕೆಲಸ.

ಅಠಾರಾ ಕಚೇರಿಯ ಹಳೆಯ ಪ್ರಶ್ನೆಯೂ ಇಲ್ಲಿ ಮತ್ತೆ ತಲೆಯೆತ್ತಿತು. ಪಹಣಿಗೆ ‘ಭೂಮಿ’, ಕ್ರಯಪತ್ರದ ನೋಂದಣಿಗೆ ‘ಕಾವೇರಿ’, ಅಳತೆಯ ನಕ್ಷೆಗೆ ‘ಮೋಜಿಣಿ’ ಎಂದು ಮೂರು ಇಲಾಖೆಗಳು ಮೂರು ವ್ಯವಸ್ಥೆಗಳನ್ನು ಕಟ್ಟಿಕೊಂಡುವು. ಹೊಲವನ್ನು ಮಾರಿದ ವಿಷಯ ನೋಂದಣಿ ಕಚೇರಿಗೆ ತಿಳಿದಿದ್ದರೂ ಪಹಣಿಯಲ್ಲಿ ಹಳೆಯ ಒಡೆಯನ ಹೆಸರೇ ಉಳಿದಿದ್ದರೆ ಅದೇ ಹೊಲವನ್ನು ಮತ್ತೊಬ್ಬನಿಗೂ ಮಾರಬಹುದು. ಆದ್ದರಿಂದ ಇವುಗಳನ್ನು ಒಂದಕ್ಕೊಂದು ಜೋಡಿಸಿದರು. ಈಗ ಕ್ರಯಪತ್ರ ನೋಂದಣಿಯಾದರೆ ಆ ಸಮಾಚಾರ ತಾನಾಗಿಯೇ ‘ಭೂಮಿ’ಗೆ ಹೋಗಿ ಖಾತೆ ಬದಲಾವಣೆಯ ಕ್ರಮ ಮೊದಲಾಗುತ್ತದೆ. ಸರ್ವೆ ನಂಬರೆಂಬ ಸ್ಥಿರವಾದ ಹೆಸರು ಮೂರಕ್ಕೂ ಸಮಾನವಾಗಿದ್ದುದರಿಂದಲೇ ಈ ಜೋಡಣೆ ಸಾಧ್ಯವಾಯಿತು. ೨೦೧೮ರ ಹೊತ್ತಿಗೆ ಸುಮಾರು ೫೦ ಹೊಸ ತಾಲ್ಲೂಕುಗಳು ಹುಟ್ಟಿ ಎಷ್ಟೋ ಹಳ್ಳಿಗಳು ತಾಲ್ಲೂಕು ಬದಲಾಯಿಸಿದಾಗಲೂ ದಾರಿ ತೋರಿದ್ದು ಹಳ್ಳಿಯ ಹೆಸರು ಮತ್ತು ಸರ್ವೆ ನಂಬರುಗಳೇ.

ಆದರೆ ಜೋಡಿಸಿದ ಮೇಲೆ ಸತ್ಯ ಹರಿಯುವ ದಾರಿಯಲ್ಲೇ ತಪ್ಪೂ ಹರಿಯುತ್ತದೆ. ಕಾಗದದಿಂದ ಯಂತ್ರಕ್ಕೆ ಏರಿಸುವಾಗ ಒಬ್ಬ ರೈತನ ತಂದೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ, ಒಂದು ಗುಂಟೆ ಹೆಚ್ಚುಕಡಿಮೆಯಾದರೆ, ಅದನ್ನು ತಿದ್ದಿಸಲು ಕಂದಾಯ ಅದಾಲತ್ತಿಗೆ ಹೋಗಬೇಕು. ತಿದ್ದಲು ಆಧಾರವೇನು? ಮೂಲ ಕಾಗದ. ಆ ಮೂಲ ಕಾಗದಗಳು ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿ ಕೆಂಪು ಬಟ್ಟೆಯ ಗಂಟುಗಳಾಗಿ ಕುಳಿತಿವೆ. ಅವನ್ನೂ ಪುಟಪುಟವಾಗಿ ಚಿತ್ರ ತೆಗೆದು ಯಂತ್ರದಲ್ಲಿಡುವ ‘ಭೂಸುರಕ್ಷಾ’ ಎಂಬ ಕೆಲಸವನ್ನು ಸರಕಾರ ೨೦೨೪ರಲ್ಲಿ ಕೆಲವು ತಾಲ್ಲೂಕುಗಳಲ್ಲಿ ಆರಂಭಿಸಿ, ಮುಂದಿನ ವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿತು. ಚಿತ್ರಗಳೆಂದರೆ ಅಕ್ಷರಗಳಿಗಿಂತ ಬಹುಪಾಲು ಹೆಚ್ಚು ಜಾಗ ಬೇಡುವಂಥವು. ಕೋಟಿಗಟ್ಟಲೆ ಪುಟಗಳಿಗೆ ಎಷ್ಟು ಡಿಸ್ಕುಗಳು, ಅವುಗಳ ಪ್ರತಿಗಳಿಗೆ ಮತ್ತೆಷ್ಟು ಡಿಸ್ಕುಗಳು, ಯೋಚಿಸಿ ನೋಡಿ. ಕಣಜ ಇನ್ನೂ ಬೆಳೆಯುತ್ತಲೇ ಇದೆ.

ಬೆಳೆಯುವುದನ್ನೆಲ್ಲ ಬೆಳೆಯಲು ಬಿಡಬೇಕೆಂದೂ ಅಲ್ಲ. ಶಾಶ್ವತವಾಗಿ ಇಡತಕ್ಕವು, ಇಷ್ಟು ವರ್ಷ ಇಟ್ಟು ಅಳಿಸತಕ್ಕವು ಎಂದು ಕಡತಗಳನ್ನು ವರ್ಗ ಮಾಡುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಇದೆ. ಯಾವುದನ್ನು ಅಳಿಸಬೇಕೆಂದು ಮೊದಲೇ ನಿರ್ಧರಿಸಿದವನು ಭಂಡಾರವನ್ನು ಕಾಪಾಡಿದಂತೆ. ಅದನ್ನು ಗೆದ್ದಲಿನ ತೀರ್ಮಾನಕ್ಕೆ ಬಿಟ್ಟವನು ಕಾಪಾಡಿದಂತಲ್ಲ.

ಹಳ್ಳಿಯ ಮಾತಾಯಿತು, ಇನ್ನು ನಾನಿರುವ ರಾಜಾಜಿನಗರದಂಥ ಪಟ್ಟಣವಾಸಿಗಳ ಪಾಡೇನು? ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರು ಹೊತ್ತು ೧೯೪೯ರಲ್ಲಿ ಶಂಕುಸ್ಥಾಪನೆಯಾದ ಈ ಬಡಾವಣೆಯ ಆಸುಪಾಸಿನಲ್ಲಿ ಕೇತಮಾರನಹಳ್ಳಿ, ಶಿವನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ ಎಂಬ ಹೆಸರುಗಳು ಇನ್ನೂ ಉಳಿದಿವೆ. ಹೊಲ ನಿವೇಶನವಾದಾಗ ಸರ್ವೆ ನಂಬರಿನ ಜಾಗಕ್ಕೆ ಬ್ಲಾಕು, ಅಡ್ಡರಸ್ತೆ, ಮನೆಯ ಸಂಖ್ಯೆಗಳು ಬಂದುವು. ಪಾಲಿಕೆಯವರು ಪ್ರತಿ ಸ್ವತ್ತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟರು. ವಾರ್ಡು, ಬೀದಿ, ನಿವೇಶನ ಈ ಮೂರು ಸೇರಿ ಅದಾಗಿತ್ತು. ನೋಡಲು ಅಚ್ಚುಕಟ್ಟು. ಆದರೆ ವಾರ್ಡುಗಳೇ ಬದಲಾದುವು. ಒಂದು ಕಾಲಕ್ಕೆ ನೂರು ಇದ್ದದ್ದು ೨೦೧೦ರ ಚುನಾವಣೆಯ ವೇಳೆಗೆ ೧೯೮ ಆಯಿತು. ೨೦೦೭ರಲ್ಲಿ ಸುತ್ತಲಿನ ಊರುಗಳನ್ನು ಕೂಡಿಸಿಕೊಂಡು ಬೃಹತ್ ಪಾಲಿಕೆಯಾದದ್ದು ೨೦೨೫ರಲ್ಲಿ ಐದು ನಗರಪಾಲಿಕೆಗಳಾಗಿ ಒಡೆಯಿತು. ಮನೆ ಇದ್ದಲ್ಲೇ ಇದೆ. ಅದರ ವಿಳಾಸವನ್ನು ಹೇಳುವ ಸಂಖ್ಯೆ ಮಾತ್ರ ಹಳತಾಯಿತು. ಶ್ರವಣಬೆಳಗೊಳದ ಪಾಠವನ್ನು ಇಲ್ಲಿ ಮತ್ತೆ ಓದಬಹುದು. ೨೦೨೪ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಸ್ವತ್ತಿನ ನೋಂದಣಿಗೆ ಇ-ಖಾತಾ ಬೇಕೆಂದಾದಾಗ ಪ್ರತಿ ಸ್ವತ್ತಿಗೂ ಹೊಸದೊಂದು ಸಂಖ್ಯೆ ಬಂದಿತು. ವಾರ್ಡು ಮತ್ತೆ ಒಡೆದರೂ ಕೂಡಿದರೂ ಈ ಸಂಖ್ಯೆ ಬದಲಾಗದಂತೆ ನೋಡಿಕೊಳ್ಳುವುದು ಮುಂದಿನವರ ಹೊಣೆ.

ಕೊನೆಗೆ ವಾಚಕರಿಗೆ ಎರಡು ಮಾತು. ನಿಮ್ಮ ಮನೆಯೂ ಇಂದು ಒಂದು ಸಣ್ಣ ದಾಖಲೆ ಕೋಣೆಯೇ. ಬೀರುವಿನಲ್ಲಿ ಕ್ರಯಪತ್ರ, ತಗಡಿನ ಪೆಟ್ಟಿಗೆಯಲ್ಲಿ ಕಂದಾಯದ ರಸೀದಿ, ಮಗನ ಫೋನಿನಲ್ಲಿ ಮದುವೆಯ ಚಿತ್ರ, ಸೊಸೆಯ ಗಣಕಯಂತ್ರದಲ್ಲಿ ಮಕ್ಕಳ ಅಂಕಪಟ್ಟಿ. ಇವೆಲ್ಲ ಎಲ್ಲೆಲ್ಲಿವೆ ಎಂಬುದಕ್ಕೆ ಒಂದು ಹಾಳೆಯಲ್ಲಿ ಪಟ್ಟಿ ಬರೆದಿಡಿ. ಖಾತೆ ಬದಲಾದಾಗ ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯ ಸಂಖ್ಯೆಯನ್ನೂ ಬರೆಯಿರಿ; ಹಳೆಯ ಪತ್ರವನ್ನು ಬಿಸಾಡಬೇಡಿ. ಮುಖ್ಯವಾದವುಗಳ ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ಅಕ್ಷರ ಕಾಣುತ್ತದೆಯೇ, ಫೈಲು ತೆರೆಯುತ್ತದೆಯೇ ಎಂದು ನೋಡಿ. ಮನೆಯಲ್ಲಿ ಒಬ್ಬರು ಇದರ ಹೊಣೆ ಹೊರಲಿ, ಅವರ ನಂತರ ಯಾರೆಂಬುದೂ ತಿಳಿದಿರಲಿ.

ಬಟ್ಟೆಯ ಕಡತ ಹೋಗಿ ಕಾಗದ ಬಂದಿತು, ಕಾಗದ ಹೋಗಿ ಡಿಸ್ಕು ಬಂದಿತು, ಡಿಸ್ಕಿನ ಜಾಗಕ್ಕೂ ಇನ್ನೊಂದು ಬಂದೇ ಬರುತ್ತದೆ. ಬರೆದಿಡುವ ವಸ್ತು ಸವೆಯುತ್ತದೆ, ಇಡುವ ಮನೆ ಸಾಲದಾಗುತ್ತದೆ. ಸ್ಥಿರವಾದ ಹೆಸರು, ಪ್ರಮಾಣವಾದ ಒಂದು ಪುಸ್ತಕ, ದೂರದಲ್ಲಿಟ್ಟ ಪ್ರತಿ, ಹೊಣೆ ಹೊತ್ತ ಒಬ್ಬ ಹೆಗ್ಗಡೆ, ಈ ನಾಲ್ಕಿದ್ದರೆ ರೈತನ ಹೊಲದ ಹಾಳೆ ನೂರು ಮನೆ ಬದಲಾಯಿಸಿದರೂ ಅವನ ಮೊಮ್ಮಗನ ಕೈಗೆ ಸೇರುತ್ತದೆ.